ಮೂರು ತಿಂಗಳೆಂಬ ಹಳೆಯ ಲೆಕ್ಕ

ಸರ್ಕಾರಿ ಸಮಿತಿಗಳ ವರದಿಗಳನ್ನು ಓದುವುದು ಯಾರಿಗೂ ಪ್ರಿಯವಾದ ವ್ಯಸನವಲ್ಲ. ಆದರೂ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕಗೊಂಡು, 1946ರಲ್ಲಿ ನಾಲ್ಕು ಸಂಪುಟಗಳ ವರದಿಯನ್ನು ಒಪ್ಪಿಸಿದ ಆರೋಗ್ಯ ಸಮಿತಿಯ ಶಿಫಾರಸುಗಳ ನಡುವೆ ಕಣ್ಣಾಡಿಸುತ್ತಿದ್ದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಅಲ್ಲಿನ ದೊಡ್ಡ ಯೋಜನೆಗಳಾವುವೂ ಅಲ್ಲ, ಒಂದು ಪುಟ್ಟ ಲೆಕ್ಕ. ವೈದ್ಯ ವಿದ್ಯಾರ್ಥಿಯು ರೋಗವನ್ನು ಮಾತ್ರವಲ್ಲದೆ ರೋಗಿಯ ಮನೆ, ಊರು, ಅನ್ನ, ನೀರುಗಳನ್ನೂ ಅರಿತ ‘ಸಾಮಾಜಿಕ ವೈದ್ಯ’ನಾಗಬೇಕಾದರೆ ಮೂರು ತಿಂಗಳ ಕಾಲ ಆ ಬಗೆಯ ಶಿಕ್ಷಣ ಅವನಿಗೆ ದೊರೆಯಬೇಕೆಂದು ಸಮಿತಿಯು ಬಯಸಿತ್ತು. ಇದಾದ ಎಪ್ಪತ್ತನಾಲ್ಕು ವರ್ಷಗಳ ತರುವಾಯ, 2020ರ ಸೆಪ್ಟೆಂಬರಿನಲ್ಲಿ, ಕೆಲವೇ ದಿನಗಳಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಅಧಿಕಾರವನ್ನು ಒಪ್ಪಿಸಿ ಮರೆಯಾಗಲಿದ್ದ ಭಾರತೀಯ ವೈದ್ಯಕೀಯ ಪರಿಷತ್ತಿನ ಆಡಳಿತ ಮಂಡಳಿಯು ಹೊಸದೊಂದು ನಿಯಮವನ್ನು ಹೊರಡಿಸಿತು: ಎಂ.ಡಿ., ಎಂ.ಎಸ್. ಓದುವ ಪ್ರತಿಯೊಬ್ಬರೂ ಮೂರನೆಯ, ನಾಲ್ಕನೆಯ ಅಥವಾ ಐದನೆಯ ಸೆಮಿಸ್ಟರಿನಲ್ಲಿ ಕಾಲೇಜನ್ನು ಬಿಟ್ಟು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡತಕ್ಕದ್ದು. ಎಷ್ಟು ಕಾಲ? ಮೂರು ತಿಂಗಳು.

ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ವಾದಿಸುವುದಿಲ್ಲ. ಅಂದಿನದು ಪದವಿ ವಿದ್ಯಾರ್ಥಿಗೆ ಹೇಳಿದ ಮಾತು, ಇಂದಿನದು ತಜ್ಞನಾಗಲು ಹೊರಟವನಿಗೆ ವಿಧಿಸಿದ ಕಟ್ಟಳೆ. ಆದರೆ ಭೋರ್ ಸಮಿತಿಯ ಉಳಿದ ಅಂಕಿಗಳಿಗೆ ಒದಗಿದ ಗತಿಯನ್ನು ನೋಡಿದರೆ ಈ ಒಂದಂಕಿ ಬದುಕಿ ಉಳಿದದ್ದೇ ಸೋಜಿಗವೆನಿಸುತ್ತದೆ. ದೀರ್ಘಕಾಲದ ಯೋಜನೆಯಲ್ಲಿ ಸಮಿತಿಯು ಕಲ್ಪಿಸಿಕೊಂಡಿದ್ದ ಜಿಲ್ಲಾ ಆಸ್ಪತ್ರೆಗೆ 2500 ಹಾಸಿಗೆಗಳು. ಅದರ ಕೆಳಗಿನ ಹಂತದ್ದಕ್ಕೆ 650. ಹತ್ತಿಪ್ಪತ್ತು ಸಾವಿರ ಜನಸಂಖ್ಯೆಯ ಪ್ರಾಥಮಿಕ ಘಟಕಕ್ಕೂ 75. ಈಗ 2020ರ ನಿಯಮದಲ್ಲಿ, ತರಬೇತಿಯ ಮಟ್ಟಿಗೆ ಜಿಲ್ಲಾ ಆಸ್ಪತ್ರೆಯೆನಿಸಿಕೊಳ್ಳಲು ನೂರು ಹಾಸಿಗೆಗಳಿದ್ದರೆ ಸಾಕಾಯಿತು. 2023ರ ನಿಯಮಾವಳಿಯಲ್ಲಿ ಅದು ಐವತ್ತಕ್ಕೆ ಇಳಿಯಿತು. ಅಂದರೆ ಭೋರ್ ಅವರು ಹತ್ತಿಪ್ಪತ್ತು ಸಾವಿರ ಜನರ ಪ್ರಾಥಮಿಕ ಘಟಕಕ್ಕೆ ಎಣಿಸಿದ್ದಕ್ಕಿಂತಲೂ ಚಿಕ್ಕದಾದ ಆಸ್ಪತ್ರೆಯೊಂದು ಇಂದು ತಜ್ಞವೈದ್ಯರ ಪಾಠಶಾಲೆಯಾಗಬಹುದು.

ನಾನು ಇದನ್ನೆಲ್ಲ ಎಣಿಸುತ್ತಿರುವುದು ಹಿಂದೂಪುರ, ಕಲ್ಯಾಣದುರ್ಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಆಡಳಿತದ ಗೆರೆ ಆಂಧ್ರಕ್ಕೆ ಸೇರಿಸಿದರೂ ಬಾಯಲ್ಲಿ ಕನ್ನಡ ತೆಲುಗುಗಳೆರಡನ್ನೂ ಇಟ್ಟುಕೊಂಡ ಈ ಸೀಮೆಯ ಜನ, ಕಾಯಿಲೆ ಬಲಿತಾಗ ಗೆರೆಯನ್ನು ಲಕ್ಷಿಸಿದವರಲ್ಲ: ಹಿಂದೂಪುರದವರು ಗೌರಿಬಿದನೂರಿನ ಮೇಲೆ ಬೆಂಗಳೂರಿನ ರೈಲು ಹತ್ತಿದರು, ಕಲ್ಯಾಣದುರ್ಗ ರಾಯದುರ್ಗಗಳವರು 1961ರಲ್ಲಿ ಮೆಡಿಕಲ್ ಕಾಲೇಜು ಬಂದ ಬಳ್ಳಾರಿಯತ್ತ ನಡೆದರು. ಅನಂತಪುರಕ್ಕೆ ತನ್ನದೇ ಸರ್ಕಾರಿ ಮೆಡಿಕಲ್ ಕಾಲೇಜು ದೊರೆಯುವುದಕ್ಕೆ 2000ನೆಯ ಇಸವಿ ಬರಬೇಕಾಯಿತು. ಇನ್ನು 2022ರ ಏಪ್ರಿಲಿನಲ್ಲಿ ಜಿಲ್ಲೆಯೇ ಇಬ್ಭಾಗವಾದಾಗ ಕಲ್ಯಾಣದುರ್ಗವು ಅನಂತಪುರದಲ್ಲಿಯೇ ಉಳಿಯಿತು, ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕೇಂದ್ರವು ಪುಟ್ಟಪರ್ತಿಗೆ ಹೋಯಿತು. ಜಿಲ್ಲಾ ಆಸ್ಪತ್ರೆಯೆಂಬ ಫಲಕವಿರುವ ಊರು ಜಿಲ್ಲಾ ಕೇಂದ್ರವಾಗಲಿಲ್ಲವೆಂಬ ವಿನೋದವನ್ನು ಹಿಂದೂಪುರದವರು ಅಷ್ಟೇನೂ ವಿನೋದವಾಗಿ ಹೇಳುವುದಿಲ್ಲ.

ಇಂಥ ಆಸ್ಪತ್ರೆಗೆ ಬಂದ ಪಿ.ಜಿ. ವಿದ್ಯಾರ್ಥಿಗೆ ಕಲಿಸುವವರು ಯಾರು? ನಿಯಮವು ಹೇಳುವುದಿಷ್ಟು: ಒಟ್ಟಾರೆ ಮೇಲ್ವಿಚಾರಣೆ ರಾಜ್ಯ ಸರ್ಕಾರವು ಗೊತ್ತುಮಾಡಿದ ಸಂಯೋಜನಾಧಿಕಾರಿಯದು, ವಾರ್ಡಿನಲ್ಲಿ, ಥಿಯೇಟರಿನಲ್ಲಿ, ರಾತ್ರಿ ಡ್ಯೂಟಿಯಲ್ಲಿ ನೇರ ಮಾರ್ಗದರ್ಶನ ಆ ಆಸ್ಪತ್ರೆಯ ಹಿರಿಯ ತಜ್ಞರದು, ಥೀಸಿಸ್ಸಿನ ವಿಷಯದಲ್ಲಿ ಕಾಲೇಜಿನ ಗುರುಗಳೊಡನೆ ದೂರವಾಣಿ, ಅಂತರ್ಜಾಲಗಳ ಮೂಲಕ ಸಂಪರ್ಕ. ಹೀಗೆ ಒಬ್ಬ ಶಿಷ್ಯನಿಗೆ ಮೂವರು ಗುರುಗಳಾದರು. ಇವರಲ್ಲಿ ಒಬ್ಬರ ಕೈಯಲ್ಲಿ ಸಹಿ, ಇನ್ನೊಬ್ಬರ ಕೈಯಲ್ಲಿ ಪದವಿ, ಮಧ್ಯದ ಹಿರಿಯರ ಕೈಯಲ್ಲಿ ರೋಗಿ.

ಆ ಮಧ್ಯದವರ ಪಾಠ ಎಂಥದೆಂಬುದಕ್ಕೆ ಕಡಲೆಕಾಯಿ ಹೊಲದ ಈ ನಾಡಿನಲ್ಲಿ ಹಾವು ಕಡಿತಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು. ಕೊಳಕುಮಂಡಲ ಕಡಿದ ಆಳೊಬ್ಬನನ್ನು ಸರಿರಾತ್ರಿಯಲ್ಲಿ ಹೊತ್ತು ತಂದರೆಂದು ಭಾವಿಸೋಣ. ದೊಡ್ಡ ಕಾಲೇಜಿನಿಂದ ಬಂದ ಕಿರಿಯ ವೈದ್ಯೆಗೆ ಪ್ರಯೋಗಾಲಯದ ವರದಿಗಳನ್ನು ಕಾಯುವ ಅಭ್ಯಾಸ. ಇಲ್ಲಿ ಇರುವುದು ಒಂದು ಗಾಜಿನ ಟ್ಯೂಬು, ಒಂದು ಗಡಿಯಾರ. ಎರಡು ಮಿಲಿಲೀಟರು ರಕ್ತವನ್ನು ಟ್ಯೂಬಿಗೆ ಹಾಕಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಒಮ್ಮೆ ಓರೆಮಾಡಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ವಿಷವು ರಕ್ತಕ್ಕೇರಿದೆಯೆಂದು ತಿಳಿದು ಪ್ರತಿವಿಷವನ್ನು ಕೊಡತೊಡಗಬೇಕು. ಇದಿಷ್ಟನ್ನು ಪುಸ್ತಕವೂ ಹೇಳುತ್ತದೆ, ಆಕೆಯೂ ಓದಿ ಬಲ್ಲಳು. ಹಿರಿಯರು ಬಂದವರೇ ಮೊದಲು ಕೇಳುವುದು ರಕ್ತದ ಸಂಗತಿಯನ್ನಲ್ಲ.

“ಈ ಟ್ಯೂಬು ತೊಳೆದಿಟ್ಟದ್ದಾ, ಹೊಸದಾ?”

“ಗೊತ್ತಿಲ್ಲ ಸರ್, ಟ್ರೇಯಲ್ಲಿತ್ತು.”

“ಹಾಗಾದರೆ ಹೊಸದು ತೊಗೊಂಡು ಬಾಮ್ಮ, ಮೊದಲಿಂದ ನೋಡೋಣ.”

ಸೋಪಿನ ಪುಡಿಯಲ್ಲಿ ತೊಳೆದ ಗಾಜಿನಲ್ಲಿ ಆರೋಗ್ಯವಂತನ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು; ಪ್ಲಾಸ್ಟಿಕ್ಕಿನ ಟ್ಯೂಬೂ ಹಾಗೆಯೇ ಮೋಸಮಾಡುತ್ತದೆ. ಅನವಶ್ಯಕವಾಗಿ ಕೊಟ್ಟ ಪ್ರತಿವಿಷದಿಂದ ಮೈಯೊಗ್ಗದೆ ರಕ್ತದೊತ್ತಡ ಕುಸಿದು ಬಿದ್ದರೆ, ಹಾವು ಮಾಡದ ಅನಾಹುತವನ್ನು ಔಷಧವೇ ಮಾಡಿದಂತಾಗುತ್ತದೆ. ಟ್ಯೂಬನ್ನು ಯಾರು ತೊಳೆದರೆಂದು ಕೇಳುವ ಈ ಬುದ್ಧಿ ಸೆಮಿನಾರಿನಲ್ಲಿ ಹುಟ್ಟುವುದಲ್ಲ; ಅದೇ ವರಾಂಡದಲ್ಲಿ ಹಲವು ಮಳೆಗಾಲಗಳನ್ನು ಕಳೆದವರಿಂದ, ಪಕ್ಕದಲ್ಲಿ ನಿಂತವರಿಗೆ, ಆ ಹೊತ್ತಿನಲ್ಲಿ ಮಾತ್ರ ದಾಟುತ್ತದೆ.

ಕಾಲೇಜನ್ನೂ ಊರನ್ನೂ ಜೋಡಿಸುವ ಯತ್ನಗಳು ನಡುವೆ ನಡೆಯಲಿಲ್ಲವೆಂದಲ್ಲ. ಅವುಗಳಲ್ಲಿ ನನಗೆ ಬಹು ಪ್ರಿಯವಾದದ್ದು, ಅದರ ದುರ್ಗತಿಯ ಕಾರಣದಿಂದಲೇ, 1977ರ ‘ರೋಮ್’ ಯೋಜನೆ. ವೈದ್ಯಕೀಯ ಶಿಕ್ಷಣಕ್ಕೆ ಹೊಸ ದಿಕ್ಕನ್ನು ತೋರಿಸುವೆವೆಂದು ಹೊರಟ ಸರ್ಕಾರವು ದೇಶದ 106 ಮೆಡಿಕಲ್ ಕಾಲೇಜುಗಳಿಗೆ ತಲಾ ಮೂರು ಬ್ಲಾಕುಗಳ ಹೊಣೆಯನ್ನು ಹೊರಿಸಿ, ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಒಟ್ಟಾಗಿ ಹಳ್ಳಿಗೆ ಹೋಗಲೆಂದು ಸಂಚಾರಿ ಚಿಕಿತ್ಸಾಲಯದ ವಾಹನಗಳನ್ನು ಕೊಡಿಸಿತು. ಬ್ರಿಟನ್ನಿನ ನೆರವಿನಿಂದ ಬಂದ ಆ ಭವ್ಯ ವಾಹನಗಳು ನಮ್ಮ ಹಳ್ಳಿಯ ಓಣಿಗಳಿಗೆ ಅತಿ ದೊಡ್ಡವಾದವು, ಡೀಸೆಲ್ಲನ್ನು ಕುಡಿಯುವುದರಲ್ಲಂತೂ ಅತಿ ಸಮರ್ಥವಾದವು. ಗುರುಶಿಷ್ಯರಿಬ್ಬರನ್ನೂ ಊರಿಗೆ ಒಯ್ಯಬೇಕಾಗಿದ್ದ ಬಂಡಿ ಹೀಗೆ ಕಾಲೇಜಿನ ಅಂಗಳದಲ್ಲಿ ತುಕ್ಕುಹಿಡಿಯುವ ಪರಿಸ್ಥಿತಿ ಅನೇಕ ಕಡೆ ಒದಗಿತು. ನಗುವವರು ನಗಲಿ, ಆ ಯೋಜನೆಯಲ್ಲಿ ಪ್ರಾಧ್ಯಾಪಕನೂ ಶಿಷ್ಯನ ಜೊತೆಗೆ ಹಳ್ಳಿಗೆ ಹೋಗಬೇಕಾಗಿತ್ತು. ಈಗಿನದರಲ್ಲಿ ಶಿಷ್ಯನೊಬ್ಬನೇ ಹೋಗುತ್ತಾನೆ, ಪ್ರಾಧ್ಯಾಪಕರು ಫೋನಿನಲ್ಲಿರುತ್ತಾರೆ.

ಇದಕ್ಕೂ ಹಳೆಯದೊಂದು ಜಗಳವಿದೆ. ಭೋರ್ ಸಮಿತಿಯ ಬಹುಮತವು ಲೈಸೆನ್ಸಿಯೇಟ್ ವೈದ್ಯರ ಕಿರುಶಿಕ್ಷಣವನ್ನು ರದ್ದುಮಾಡಿ, ದೇಶಕ್ಕೆಲ್ಲ ಒಂದೇ ಬಗೆಯ ಪದವೀಧರ ವೈದ್ಯ ಸಾಕೆಂದಿತು. ಆರು ಸದಸ್ಯರು ಇದನ್ನು ಒಪ್ಪದೆ ಭಿನ್ನಮತವನ್ನು ದಾಖಲಿಸಿದರು. ಗೆದ್ದದ್ದು ಬಹುಮತವೇ. ಆದರೆ ಆ ಆರು ಮಂದಿಯ ಪ್ರಶ್ನೆ ಸೋತಂತೆ ಕಾಣುವುದಿಲ್ಲ. ವೇಷ ಬದಲಿಸಿಕೊಂಡು ತಜ್ಞಶಿಕ್ಷಣದ ಬಾಗಿಲಿಗೂ ಅದು ಬಂತು. ಒಂದು ಕಾಲದಲ್ಲಿ ಇಂಥ ಊರುಗಳ ಪೇಟೆಬೀದಿಯ ಮಹಡಿಗಳ ಮೇಲೆ ‘ಡಿ.ಜಿ.ಒ.’, ‘ಡಿ.ಸಿ.ಎಚ್.’, ‘ಡಿ.ಎ.’ ಎಂಬ ಅಕ್ಷರಗಳ ಫಲಕಗಳು ಸಾಲಾಗಿ ಕಾಣುತ್ತಿದ್ದುವು. ಎರಡು ವರ್ಷ ಡಿಪ್ಲೊಮಾ ಓದಿ ಊರಿಗೆ ಮರಳಿದ ಆ ಹೆರಿಗೆ ಡಾಕ್ಟರಮ್ಮನವರು, ಮಕ್ಕಳ ಡಾಕ್ಟರು, ಅರಿವಳಿಕೆ ವೈದ್ಯರು ಚಿಕ್ಕ ಪಟ್ಟಣಗಳನ್ನು ಒಂದು ತಲೆಮಾರಿನ ಕಾಲ ನಡೆಸಿದರು. 2018ರ ಸುಮಾರಿಗೆ ಕಾಲೇಜುಗಳು ಡಿಪ್ಲೊಮಾ ಸೀಟುಗಳನ್ನು ಪದವಿ ಸೀಟುಗಳಾಗಿ ಪರಿವರ್ತಿಸಿಕೊಳ್ಳಲು ಅನುಮತಿ ದೊರೆಯಿತು, ಅಂಕಿಅಂಶಗಳು ಉಜ್ವಲವಾದುವು, ಆ ಅಕ್ಷರಗಳು ಮಾಸಿದುವು. ಎರಡೇ ವರ್ಷಗಳ ಮೇಲೆ, 2020ರಲ್ಲಿ, ರಾಷ್ಟ್ರೀಯ ಪರೀಕ್ಷಾ ಮಂಡಳಿಯು ಎಂಟು ವಿಷಯಗಳಲ್ಲಿ ಎರಡು ವರ್ಷದ ಡಿಪ್ಲೊಮಾವನ್ನು ಮತ್ತೆ ಘೋಷಿಸಿತು! ಕಿತ್ತ ಗಿಡವನ್ನು ಪಕ್ಕದ ಕುಂಡದಲ್ಲಿ ನೆಡುವ ಈ ತೋಟಗಾರಿಕೆಯನ್ನು ನೋಡಿದಾಗ ಸಿಟ್ಟು ಬಾರದಿದ್ದರೆ ಹೇಗೆ?

ಆ ಮಂಡಳಿಗೆ ಮಾತ್ರ ಒಂದು ನ್ಯಾಯದ ಮಾತು ಸಲ್ಲಬೇಕು. 1975ರಲ್ಲಿ ಸ್ಥಾಪಿತವಾಗಿ 1982ರಲ್ಲಿ ಸ್ವತಂತ್ರವಾದ ಅದು, ಮೆಡಿಕಲ್ ಕಾಲೇಜಲ್ಲದ ಆಸ್ಪತ್ರೆಯೂ ತಜ್ಞರನ್ನು ತಯಾರಿಸಬಹುದೆಂಬುದನ್ನು ಒಪ್ಪಿ ಡಿ.ಎನ್.ಬಿ. ಪದ್ಧತಿಯನ್ನು ನಡೆಸಿತು. ಇದರ ಫಲವು ಈ ಬರಗಾಲದ ಸೀಮೆಗೂ ತಲುಪಿತು. ಮನ್ಮಾಡಿನಿಂದ 1968ರಲ್ಲಿ ದೇಶ ಬಿಡಬೇಕಾಗಿ ಬಂದು, ಮರುವರ್ಷವೇ ಹಿಂದಿರುಗಿ ಅನಂತಪುರದಲ್ಲಿ ನೆಲಸಿದ ಸ್ಪೇನಿನ ವಿಸೆಂಟ್ ಫೆರರ್ ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟಿಗೆ ಕಲ್ಯಾಣದುರ್ಗದಲ್ಲಿಯೂ ಕಣೇಕಲ್ಲಿನಲ್ಲಿಯೂ ಆಸ್ಪತ್ರೆಗಳಿವೆ. ಅನಂತಪುರದಿಂದ ಕದಿರಿಯ ದಾರಿಯಲ್ಲಿ ಸಿಕ್ಕುವ ಬತ್ತಲಪಲ್ಲಿಯ ಅವರ ದೊಡ್ಡ ಆಸ್ಪತ್ರೆ ಡಿ.ಎನ್.ಬಿ. ತರಬೇತಿಯ ಕೇಂದ್ರವಾಗಿದೆ. ಅಲ್ಲಿ ಕಲಿಯುವವರು ಮೂರು ತಿಂಗಳ ಅತಿಥಿಗಳಲ್ಲ, ವರ್ಷಗಟ್ಟಲೆ ಇರುವವರು. ಕಲಿಸುವವರಿಗೂ ಶಿಷ್ಯರ ಹೆಸರು ನೆನಪಾಗುವಷ್ಟರಲ್ಲಿ ಬೀಳ್ಕೊಡುವ ಗ್ರಹಚಾರವಿಲ್ಲ.

ಡ್ಯೂಟಿಯ ಗಂಟೆಗಳ ವಿಚಾರವನ್ನು ಮುಟ್ಟದೆ ಬಿಟ್ಟರೆ ಪಿ.ಜಿ.ಗಳು ನನ್ನನ್ನು ಕ್ಷಮಿಸಲಾರರು. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆಯಲ್ಲಿ ನಿರಂತರ ಕೆಲಸ ದಿನಕ್ಕೆ ಹನ್ನೆರಡು ಗಂಟೆಯನ್ನು ಮೀರಬಾರದೆಂಬ ಸ್ಪಷ್ಟ ಮಾತಿತ್ತು. ಪಾಲನೆಯಾದದ್ದು ಎಷ್ಟೆಂದು ಯಾವ ಹಾಸ್ಟೆಲಿನಲ್ಲಿ ಕೇಳಿದರೂ ನಗುತ್ತಾರೆ. 2023ರ ನಿಯಮಾವಳಿಯು ‘ಸಮಂಜಸ’ವಾದ ಕೆಲಸದ ಅವಧಿ, ‘ಸಮಂಜಸ’ವಾದ ವಿಶ್ರಾಂತಿ ಎಂದಷ್ಟೇ ಹೇಳಿ ಅಂಕಿಯ ಗೋಜಿಗೆ ಹೋಗದೆ ಜಾಣತನವನ್ನು ಮೆರೆಯಿತು. ನಿದ್ದೆಗೆಟ್ಟ ಕಿರಿಯರಿಗೆ ಆ ರಾತ್ರಿ ಯಾವುದು ಸಮಂಜಸವೆಂಬುದನ್ನು ತೀರ್ಮಾನಿಸುವವರು ಕೊನೆಗೆ ಪಕ್ಕದಲ್ಲಿರುವ ಹಿರಿಯರೇ. “ಹೋಗಿ ಎರಡು ಗಂಟೆ ಮಲಗಮ್ಮ, ನಾನಿದೀನಿ” ಎನ್ನುವವರು ಸಿಕ್ಕಿದರೆ ಅದೃಷ್ಟ.

ಮೂರು ತಿಂಗಳು ಮುಗಿದ ಮೇಲೆ ಲಾಗ್‌ಬುಕ್ಕು ಕಾಲೇಜಿಗೆ ಹಿಂದಿರುಗುತ್ತದೆ, ತೃಪ್ತಿಕರವಾಗಿ ಪೂರೈಸಿದ ಬಗೆಗಿನ ಪ್ರಮಾಣಪತ್ರವೂ ಅದರ ಜೊತೆಗೆ. ಅದಿಲ್ಲದೆ ಅಂತಿಮ ಪರೀಕ್ಷೆಗೆ ಪ್ರವೇಶವಿಲ್ಲ. ತರುವಾಯ ಥೀಸಿಸ್ಸು ಅಚ್ಚಾಗಿ, ರಟ್ಟು ಕಟ್ಟಿಸಿಕೊಂಡು ಬರುತ್ತದೆ. ಅದರ ಮೊದಲ ಪುಟಗಳಲ್ಲಿ ಗೈಡಿನ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಪ್ರಾಂಶುಪಾಲರ ಸಹಿ, ಎಲ್ಲಕ್ಕೂ ಮುದ್ರೆ. ಟ್ಯೂಬು ಹೊಸದೋ ಹಳೆಯದೋ ಎಂದು ಕೇಳಿದ ಸಿವಿಲ್ ಸರ್ಜನ್ನರ ಹೆಸರಿಗೆ ಜಾಗವಿರುವುದು ಕೃತಜ್ಞತೆಯ ಪುಟದಲ್ಲಿ, ಅಪ್ಪ ಅಮ್ಮ, ಸಹಪಾಠಿಗಳು, ಡಿ.ಟಿ.ಪಿ. ಅಂಗಡಿಯವರು ಇವರ ನಡುವೆ ಎಲ್ಲಿಯಾದರೂ, ಬರೆಯುವವರಿಗೆ ನೆನಪಾದರೆ.