ಓಡಿ ಮುಗಿದ ಕುದುರೆಯ ಮೇಲೆ ಪಣ

ಅಮೆರಿಕದ ಕೆಂಟಕಿ ರಾಜ್ಯದ ರೇಸ್ ಮೈದಾನಗಳಲ್ಲಿ ವಿಚಿತ್ರ ಯಂತ್ರಗಳಿವೆ. ನೋಟಕ್ಕೆ ಸ್ಲಾಟ್ ಯಂತ್ರಗಳೇ. ಗುಂಡಿ ಒತ್ತಿದರೆ ಚಿತ್ರಗಳು ಗಿರಗಿರನೆ ತಿರುಗುತ್ತವೆ. ಆದರೆ ಫಲವನ್ನು ನಿರ್ಣಯಿಸುವುದು ಎಂದೋ ನಡೆದು ಮುಗಿದ ಕುದುರೆ ಪಂದ್ಯ. ಕುದುರೆಗಳ ಹೆಸರು, ಪಂದ್ಯದ ದಿನಾಂಕ ಮರೆಯಲ್ಲಿರುತ್ತವೆ. ಹಿಂದಿನ ಸಾಧನೆಯ ಅಂಕಿಗಳನ್ನು ನೋಡಬಹುದು; ನೋಡದೆಯೂ ಆಡಬಹುದು. 2000ದಲ್ಲಿ ಅರ್ಕನ್ಸಾದ ಓಕ್‌ಲಾನ್ ಮೈದಾನದಲ್ಲಿ ಕಾಣಿಸಿಕೊಂಡ ಈ ಉಪಾಯ 2011ರಲ್ಲಿ ಕೆಂಟಕಿಗೆ ಬಂದಿತು.

ಅಲ್ಲಿನ ಕಾನೂನು ಒಪ್ಪಿದ್ದು ಒಂದು ಬಗೆಯ ಪಣವನ್ನು: ಒಂದೇ ಪಂದ್ಯಕ್ಕೆ ಕಟ್ಟಿದವರ ಹಣ ಒಂದೇ ನಿಧಿಗೆ ಸೇರಿ ಗೆದ್ದವರಿಗೆ ಹಂಚಿಕೆಯಾಗಬೇಕು. ಒಬ್ಬೊಬ್ಬರಿಗೆ ಒಂದೊಂದು ಹಳೆಯ ಪಂದ್ಯ ತೋರಿಸುವ ಯಂತ್ರ ಈ ನಿಬಂಧನೆಗೆ ಒಳಪಡದೆಂದು 2020ರ ಸೆಪ್ಟೆಂಬರಿನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಐದೇ ತಿಂಗಳಲ್ಲಿ ಶಾಸನಸಭೆ ವ್ಯಾಖ್ಯೆಯನ್ನೇ ತಿದ್ದಿತು, ಯಂತ್ರಗಳು ಉಳಿದವು.

ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ, ತಮಿಳುನಾಡಿನ ಲಕ್ಷ್ಮಣನ್ ಮೊಕದ್ದಮೆಯಲ್ಲಿ, ಕುದುರೆ ಪಂದ್ಯವನ್ನು ಕೌಶಲದ ಆಟವೆಂದಿತು. ತಳಿ, ತರಬೇತಿ, ಸವಾರನ ಸಾಮರ್ಥ್ಯಗಳನ್ನು ಅಳೆದು ನೋಡಬಹುದೆಂಬುದು ಅದರ ಆಧಾರ. ಏನನ್ನೂ ನೋಡದೆ ಗುಂಡಿ ಒತ್ತುವವನಲ್ಲಿ ಆ ಕೌಶಲವೆಲ್ಲಿ? ‘ಕೌಶಲದ ಆಟ’ವೆಂಬ ಹಣೆಪಟ್ಟಿ ಹೊತ್ತ ಪಣದಾಟ ಮಕ್ಕಳ ಮೊಬೈಲಿನಲ್ಲಿ ಕಂಡಾಗ, ಪಾಲಕರು ಹೆಸರನ್ನು ನಂಬದೆ ಇದೇ ಪ್ರಶ್ನೆಯನ್ನು ಕೇಳಬೇಕು.