ಪುದೀನ ಮತ್ತು ಕ್ಯಾಟ್‌ನಿಪ್: ಕುಂಡಕೃಷಿಯಿಂದ ಹರಡುವಿಕೆಯ ನಿಯಂತ್ರಣ

ಅಡಿಗೆಗೆ ತಂದ ಪುದೀನದ ಕಂತೆಯಿಂದ ಎಲೆಗಳನ್ನು ಬಿಡಿಸಿಕೊಂಡು, ಉಳಿದ ಕಡ್ಡಿಗಳನ್ನು ಹಿತ್ತಿಲಿನಲ್ಲಿ ಬಚ್ಚಲುನೀರು ಹರಿಯುವೆಡೆ ನೆಡುವ ವಾಡಿಕೆ ನಮ್ಮ ಮನೆಗಳಲ್ಲಿ ಉಂಟು. ಅದು ಬೇಗನೆ ಚಿಗುರುತ್ತದೆ. ಆದರೆ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಪಕ್ಕದ ಕೊತ್ತಂಬರಿಯ ಮಡಿಯನ್ನೂ ಆಕ್ರಮಿಸಿರುತ್ತದೆ. ಆಗ ಗುದ್ದಲಿ ಹಿಡಿದು ಹೊರಟವರಿಗೆ ಅಗೆದಷ್ಟೂ ಗಿಡಗಳು ಹೆಚ್ಚುವುದು ಕಂಡುಬರುತ್ತದೆ. ಬೆಕ್ಕು ಸಾಕುವವರು ಬೀಜದಿಂದ ಬೆಳೆಸುವ ಕ್ಯಾಟ್‌ನಿಪ್ ಗಿಡದ ಮೇಲೂ ಇದೇ ದೂರು ಇದೆ. ಎರಡಕ್ಕೂ ಕುಂಡವೇ ಮದ್ದೆಂಬ ಸಾಮಾನ್ಯ ಸಲಹೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಎರಡೂ ತುಳಸಿಯ ಕುಟುಂಬವಾದ ಲೇಮಿಯೇಸಿಗೆ ಸೇರಿದ ಸಸ್ಯಗಳು. ಚೌಕನೆಯ ಕಾಂಡ, ಎದುರುಬದುರಾದ ಎಲೆ, ಸುವಾಸನೆಯ ತೈಲ ಇವು ಎರಡಕ್ಕೂ ಸಮಾನ. ಆದರೆ ಹರಡುವ ಮಾರ್ಗ ಮಾತ್ರ ಬೇರೆ ಬೇರೆ. ಪುದೀನವು ನೆಲದೊಳಗೂ ನೆಲದ ಮೇಲೂ ಅಡ್ಡಲಾಗಿ ಕಾಂಡಗಳನ್ನು ಹರಿಯಬಿಡುತ್ತದೆ. ಪ್ರತಿ ಗಿಣ್ಣಿನಲ್ಲಿಯೂ ಬೇರು ಮತ್ತು ಚಿಗುರು ಮೂಡಬಲ್ಲವು. ಗುದ್ದಲಿಯ ಏಟಿಗೆ ತುಂಡಾದ ಕಾಂಡದಲ್ಲಿ ಒಂದು ಗಿಣ್ಣು ಉಳಿದರೂ ಹೊಸ ಗಿಡಕ್ಕೆ ಅದು ಸಾಕು. ಪೆಪ್ಪರ್‌ಮಿಂಟ್ ಇದಕ್ಕೆ ಉತ್ತಮ ನಿದರ್ಶನ. 1753ರಲ್ಲಿ ಲಿನೇಯಸನು ಇದನ್ನು ಸ್ವತಂತ್ರ ಪ್ರಭೇದವೆಂದು ಹೆಸರಿಸಿದನು. ವಾಸ್ತವವಾಗಿ ಇದು ಮೆಂಥ ಅಕ್ವಾಟಿಕ ಮತ್ತು ಮೆಂಥ ಸ್ಪೈಕೇಟಗಳ ಮಿಶ್ರತಳಿ, ಬಹುಮಟ್ಟಿಗೆ ಬಂಜೆ. ಬೀಜದ ನೆರವಿಲ್ಲದಿದ್ದರೂ ಕೇವಲ ಕಾಂಡದ ತುಂಡುಗಳ ಮೂಲಕ ಅದು ಹಲವು ದೇಶಗಳಿಗೆ ಹಬ್ಬಿದೆ.

ಆದುದರಿಂದ ಪುದೀನಕ್ಕೆ ಕುಂಡದ ಗೋಡೆ ನಿಜವಾದ ತಡೆ. 25ರಿಂದ 30 ಸೆಂಟಿಮೀಟರ್ ಅಗಲದ ಕುಂಡ ಸಾಕು. ಆದರೆ ಎರಡು ದಾರಿಗಳನ್ನು ಕಾಯಬೇಕು. ಕುಂಡವನ್ನು ಬರಿಯ ಮಣ್ಣಿನ ಮೇಲಿಟ್ಟರೆ ತಳದ ರಂಧ್ರದಿಂದ ಕಾಂಡ ಇಳಿಯಬಹುದು. ಕಲ್ಲುಚಪ್ಪಡಿ ಅಥವಾ ಇಟ್ಟಿಗೆಗಳ ಮೇಲಿಡುವುದು ಲೇಸು. ಅಂಚಿನಿಂದ ಜೋಲುವ ಕುಡಿ ನೆಲ ಮುಟ್ಟಿದರೆ ಅಲ್ಲಿಯೇ ಬೇರೂರುವುದರಿಂದ ಅದನ್ನು ಕತ್ತರಿಸಬೇಕು. ಕುಂಡವನ್ನು ನೆಲದಲ್ಲಿ ಹೂಳುವುದಾದರೆ ಅಂಚು ಕೆಲವು ಸೆಂಟಿಮೀಟರ್ ಮೇಲಿರಲಿ. ಸೆರೆಯಾದ ಕಾಂಡಗಳು ಗೋಡೆಯ ಸುತ್ತ ಹೆಣೆದುಕೊಂಡು ನಡುಭಾಗ ಬಡಕಲಾಗುತ್ತದೆ. ವರ್ಷಕ್ಕೊಮ್ಮೆ ಗಿಡವನ್ನು ಹೊರತೆಗೆದು, ಎಳೆಯ ಭಾಗವನ್ನು ಹೊಸ ಮಣ್ಣಿನಲ್ಲಿ ನೆಡಬೇಕು. ಉಳಿದುದನ್ನು ಹಸಿಯಾಗಿಯೇ ಗೊಬ್ಬರದ ಗುಂಡಿಗೆ ಎಸೆದರೆ ಶ್ರಮವೆಲ್ಲ ವ್ಯರ್ಥ. ಬಿಸಿಲಿನಲ್ಲಿ ಪೂರ್ಣ ಒಣಗಿಸಿಯೇ ಹಾಕತಕ್ಕದ್ದು.

ಕ್ಯಾಟ್‌ನಿಪ್, ಅಂದರೆ ನೆಪೆಟ ಕಟೇರಿಯ, ಬುಡ ಕಟ್ಟಿ ಬೆಳೆಯುವ ಗಿಡ. ಪುದೀನದಂತೆ ನೆಲದಡಿ ದೂರ ಹರಿಯುವುದಿಲ್ಲ. ಅದರ ಹರಡುವಿಕೆ ಮುಖ್ಯವಾಗಿ ಬೀಜದಿಂದ. ಪ್ರತಿ ಹೂವೂ ನಾಲ್ಕು ಕಿರುಬೀಜಗಳನ್ನು ಕೊಡಬಲ್ಲದು. ಒಂದು ತೆನೆಯಲ್ಲಿ ಹೂಗಳೋ ಹಲವಾರು. ಇವಕ್ಕೆ ಕುಂಡದ ಗೋಡೆ ಅಡ್ಡಿಯೇ ಅಲ್ಲ. ಇಲ್ಲಿ ತಡೆಯುವ ಸಾಧನ ಕತ್ತರಿ: ಮೊದಲ ಹೂಗಳು ಬಾಡತೊಡಗಿದಾಗಲೇ ತೆನೆಗಳನ್ನು ಕತ್ತರಿಸಬೇಕು. ಇದರಿಂದ ಹೊಸ ಚಿಗುರೂ ಒಡೆಯುತ್ತದೆ. ಕುಂಡದ ಪ್ರಯೋಜನ ಬೇರೆ ತೆರನಾದುದು. ಎಲೆಯಲ್ಲಿರುವ ನೆಪೆಟಲಾಕ್ಟೋನ್ ಎಂಬ ದ್ರವ್ಯದ ವಾಸನೆಗೆ ಎಲ್ಲ ಬೆಕ್ಕುಗಳೂ ಅಲ್ಲದಿದ್ದರೂ ಬಹುಪಾಲು ಬೆಕ್ಕುಗಳು ಮರುಳಾಗಿ ಗಿಡದ ಮೇಲೆಯೇ ಹೊರಳಾಡುತ್ತವೆ. ಕುಂಡವಾದರೆ ಎತ್ತರದಲ್ಲಿಟ್ಟು ಎಳೆಯ ಗಿಡವನ್ನು ಉಳಿಸಿಕೊಳ್ಳಬಹುದು.

ಇವೆರಡನ್ನೂ ಒಂದೇ ಕುಂಡದಲ್ಲಿ ನೆಡುವುದು ತರವಲ್ಲ. ಪುದೀನಕ್ಕೆ ಸದಾ ತೇವವೂ ಅರೆನೆರಳೂ ಹಿತ. ಕ್ಯಾಟ್‌ನಿಪ್‌ಗೆ ನೀರು ಬಸಿದುಹೋಗುವ ಮಣ್ಣೂ ಬಿಸಿಲೂ ಬೇಕು. ಒಂದರ ಹಿತ ಇನ್ನೊಂದಕ್ಕೆ ಕೇಡು. ಕೊನೆಗೆ ಪುದೀನವೇ ಇಡೀ ಕುಂಡವನ್ನು ಆವರಿಸುತ್ತದೆ.

ಒಟ್ಟಿನಲ್ಲಿ, ಕುಂಡವೊಂದೇ ಎಲ್ಲ ಗಿಡಗಳಿಗೂ ಬೇಲಿಯಾಗಲಾರದು. ಗಿಡ ಯಾವ ದಾರಿಯಿಂದ ಹೊರಡುತ್ತದೆಂಬುದನ್ನು ಮೊದಲು ತಿಳಿದು ಆ ದಾರಿಯನ್ನು ಮುಚ್ಚಬೇಕು: ಪುದೀನಕ್ಕೆ ಬುಡದಲ್ಲಿ, ಕ್ಯಾಟ್‌ನಿಪ್‌ಗೆ ತುದಿಯಲ್ಲಿ. ಇಷ್ಟನ್ನು ನೆನಪಿನಲ್ಲಿಟ್ಟರೆ ಕಿರಿಯ ಹಿತ್ತಿಲಿನಲ್ಲಿಯೂ ಈ ಗಿಡಗಳನ್ನು ಇತರ ಬೆಳೆಗಳಿಗೆ ತೊಂದರೆಯಾಗದಂತೆ ಬೆಳೆಸಬಹುದೆಂದು ನಾವು ಭಾವಿಸುತ್ತೇವೆ.