ಪ್ರಾಸ್ಟೇಟ್ ಕ್ಯಾನ್ಸರ್: ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆಯ ಲಾಭವೆಷ್ಟು?



ಬೀಜೋಪಚಾರ ತೋರಿಸಲು ಹೋದ ಊರಿನಲ್ಲಿ ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದರು. "ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತೆ. ರೋಬೋಟ್ ಯಂತ್ರದಲ್ಲಿ ಆಪರೇಷನ್ ಮಾಡಿಸಿದರೇ ಒಳ್ಳೆಯದಂತೆ. ಎರಡೆಕರೆ ಮಾರಿಬಿಡಲೇನಪ್ಪಾ?" ಎಂದರು. ನಾನು ಬೇಸಾಯ ಕಲಿತವನು, ವೈದ್ಯನಲ್ಲ. ಆದರೂ ಕೇಳಿ, ಓದಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಸಣ್ಣ ಗ್ರಂಥಿ. ವಯಸ್ಸಾದಂತೆ ಅದು ದಪ್ಪವಾಗುವುದುಂಟು. ದಪ್ಪವಾದದ್ದೆಲ್ಲ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಇದ್ದು, ಅದು ಗ್ರಂಥಿಯೊಳಗೇ ಉಳಿದಿದ್ದರೆ, ಗ್ರಂಥಿಯನ್ನೇ ತೆಗೆಯುವುದು ಒಂದು ಚಿಕಿತ್ಸೆ.

ಹಳೆಯ ಕ್ರಮದಲ್ಲಿ ಕಿಬ್ಬೊಟ್ಟೆಯನ್ನು ಉದ್ದಕ್ಕೆ ಕೊಯ್ಯುತ್ತಾರೆ. ಹೊಸ ಕ್ರಮದಲ್ಲಿ ಕೆಲವು ಸಣ್ಣ ರಂಧ್ರಗಳ ಮೂಲಕ ಕ್ಯಾಮರಾ ಮತ್ತು ಉಪಕರಣಗಳನ್ನು ಇಳಿಸುತ್ತಾರೆ. ಯಂತ್ರ ತಾನಾಗಿ ಕೊಯ್ಯುವುದಿಲ್ಲ, ವೈದ್ಯರೇ ಅದನ್ನು ನಡೆಸುತ್ತಾರೆ. ಟ್ರ್ಯಾಕ್ಟರ್ ಹೊಸದಾದರೂ ಸಾಲು ನೆಟ್ಟಗಾಗುವುದು ಹೊಡೆಯುವವನ ಕೈಯಿಂದಲ್ಲವೇ?

ಎರಡು ತಳಿಗಳನ್ನು ಅಕ್ಕಪಕ್ಕದ ತಾಕುಗಳಲ್ಲಿ ಬೆಳೆದು ನೋಡುವಂತೆ, ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಈ ಎರಡು ಕ್ರಮಗಳನ್ನು ಹೋಲಿಸಿದರು. 2010ರಿಂದ 2014ರವರೆಗೆ 326 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಯಂತ್ರದ ಗುಂಪಿನವರಿಗೆ ರಕ್ತ ಕಡಿಮೆ ಹೋಯಿತು, ಆಸ್ಪತ್ರೆಯಿಂದ ಬೇಗ ಬಿಡುಗಡೆಯಾಯಿತು. ಆದರೆ 2018ರಲ್ಲಿ ಪ್ರಕಟವಾದ ಎರಡು ವರ್ಷದ ಫಲಿತಾಂಶದಲ್ಲಿ ಮೂತ್ರದ ಹಿಡಿತ, ದಾಂಪತ್ಯದ ಶಕ್ತಿ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದವು. ರೋಗ ಮರಳಿದ ಗುರುತು ಯಂತ್ರದ ಗುಂಪಿನಲ್ಲಿ ಕಡಿಮೆ ಕಂಡಿತು. ಆದರೆ ಮುಂದಿನ ಚಿಕಿತ್ಸೆ ಎಲ್ಲರಿಗೂ ಒಂದೇ ಬಗೆಯದಾಗಿರಲಿಲ್ಲವಾದ್ದರಿಂದ ಅದನ್ನು ಗೆಲುವೆಂದು ಎಣಿಸಬಾರದೆಂದು ಸಂಶೋಧಕರೇ ಎಚ್ಚರಿಸಿದರು.

ಇನ್ನೊಂದು ಮಾತು. ಬ್ರಿಟನ್ನಿನಲ್ಲಿ, ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದ 1,643 ಮಂದಿಯಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆ, ಕೆಲವರಿಗೆ ವಿಕಿರಣ ಚಿಕಿತ್ಸೆ ಎಂದು ಗೊತ್ತುಮಾಡಿದರು. ಉಳಿದವರನ್ನು ಆಗಾಗ ಪರೀಕ್ಷಿಸುತ್ತ ಕಾದರು. ಸುಮಾರು 15 ವರ್ಷಗಳ ಬಳಿಕ, ಯಾವ ಗುಂಪಿನಲ್ಲೂ ಈ ರೋಗದಿಂದ ಸತ್ತವರು ನೂರಕ್ಕೆ ಮೂವರಷ್ಟು ಮಾತ್ರ ಎಂದು 2023ರಲ್ಲಿ ವರದಿಯಾಯಿತು. ಹರಡಿದ ರೋಗಕ್ಕೆ ಈ ಲೆಕ್ಕ ಅನ್ವಯಿಸದು.

ಆದ್ದರಿಂದ ಒಪ್ಪಿಗೆ ಕೊಡುವ ಮೊದಲು ವೈದ್ಯರನ್ನು ಕೇಳಿರಿ:

1. ರೋಗ ಗ್ರಂಥಿಯೊಳಗೇ ಇದೆಯೇ, ಹೊರಗೆ ಹರಡಿದೆಯೇ?
2. ಕಾಯಬಹುದೇ? ಬೇರೆ ಚಿಕಿತ್ಸೆ ಉಂಟೇ?
3. ಈ ಶಸ್ತ್ರಚಿಕಿತ್ಸೆಯನ್ನು ತಾವು ಎಷ್ಟು ಮಂದಿಗೆ ಮಾಡಿದ್ದೀರಿ?
4. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ?

ಮೂತ್ರದಲ್ಲಿ ರಕ್ತ ಬಂದರೆ, ಧಾರೆ ಕುಗ್ಗಿದರೆ ನಾಚಿಕೆಪಡದೆ ವೈದ್ಯರಿಗೆ ತೋರಿಸಿರಿ. ಆ ಹಿರಿಯರಿಗೂ ನಾನು ಹೇಳಿದ್ದು ಇಷ್ಟೇ: ಚಿಕಿತ್ಸೆ ಬಿಡಬೇಡಿ; ಆದರೆ ಯಂತ್ರದ ಹೆಸರು ಕೇಳಿದೊಡನೆ ಹೊಲ ಮಾರಬೇಡಿ.